ಪಿಕಪ್‌ಗಿಂತ ಮೊದಲು ಬ್ರೇಕ್ ಆಯಿಲ್

ಕಲಬುರಗಿಯಲ್ಲಿ ಕಾರು ಮಾಡಿಫೈ ಮಾಡಿಸಲು ಹೊರಟವರನ್ನು ಕೇಳಿ ನೋಡಿ. ಮೊದಲು ಬರುವ ಮಾತು ಪಿಕಪ್. ಆಮೇಲೆ ಸೈಲೆನ್ಸರ್, ಆಮೇಲೆ ಅಲಾಯ್ ವೀಲ್. ಬ್ರೇಕ್ ಆಯಿಲ್ ವಿಷಯ ಯಾರೂ ಎತ್ತುವುದಿಲ್ಲ. ದಿನಾ ಸೇಡಂ ರಸ್ತೆ, ರಿಂಗ್ ರೋಡಿನಲ್ಲಿ ಓಡಾಡಬೇಕು, ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೂ ಹೋಗಿ ಬರಬೇಕು ಅನ್ನುವ ಕಾರಿಗೆ ನಾನು ಹೇಳುವ ಮೊದಲ ಖರ್ಚು ಆ ಆಯಿಲೇ. ಕಾರಣ ಶಾಖ. ರಸ್ತೆಯ ಕಾರಿಗೂ ಟ್ರ್ಯಾಕಿನ ಕಾರಿಗೂ ವೇಗಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಶಾಖದಲ್ಲಿ. ನಮ್ಮಲ್ಲಂತೂ ಮೇ ತಿಂಗಳಲ್ಲಿ ಕಾರು ಸ್ಟಾರ್ಟ್ ಮಾಡುವ ಮೊದಲೇ ಸುತ್ತಲಿನ ಗಾಳಿ 42–43 ಡಿಗ್ರಿ ಮುಟ್ಟಿರುತ್ತದೆ.

ಪಿಕಪ್ಪಿನ ಲೆಕ್ಕವನ್ನು ಬೇಗ ಮುಗಿಸೋಣ. ಪೆಟ್ರೋಲ್ ಉರಿಯಲು ಆಮ್ಲಜನಕ ಬೇಕು. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 43 ಡಿಗ್ರಿಯ ಗಾಳಿಯಲ್ಲಿ ಆಮ್ಲಜನಕ ಶೇಕಡಾ 9ರಷ್ಟು ಕಮ್ಮಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಅಲ್ಲಿ ಇನ್ನೊಂದು ಶೇಕಡಾ 5 ಹೋಯಿತು. ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ಇದ್ದರೆ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಆದರೆ ಗಾಳಿಯನ್ನು ಒತ್ತಿದಾಗ ಅದು ಮತ್ತಷ್ಟು ಕಾಯುತ್ತದೆ, ಅದನ್ನು ತಣಿಸಬೇಕಾದ ಇಂಟರ್‌ಕೂಲರ್‌ಗೂ ಸಿಗುವುದು ಅದೇ 43 ಡಿಗ್ರಿಯ ಗಾಳಿ. ಸಿಲಿಂಡರ್ ಒಳಗೆ ಬಿಸಿ ಮಿತಿ ಮೀರಿದರೆ ಉಳಿದ ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಅದನ್ನು ತಡೆಯಲು ಕಾರಿನ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ. ಅಂದರೆ ರಿಮ್ಯಾಪ್ (ಆ ಕಂಪ್ಯೂಟರಿನ ಲೆಕ್ಕ ಬದಲಿಸುವ ಕೆಲಸ) ಮಾಡಿಸಿ ಜನವರಿಯಲ್ಲಿ ಸಿಕ್ಕ ಪಿಕಪ್ಪಿನಲ್ಲಿ ಒಂದು ಪಾಲು ಮೇ ತಿಂಗಳಲ್ಲಿ ವಾಪಸ್ ಹೋಗುತ್ತದೆ. ಈ ಕಾಪಾಡುವ ಅಂಚನ್ನೇ ರಿಮ್ಯಾಪ್ ಮಾಡಿದವರು ತಿಂದುಹಾಕಿದ್ದರೆ ಪಿಸ್ಟನ್ ಉಳಿಯುವುದು ಕಷ್ಟ. ನಮ್ಮ ಹವೆಗೆ ರೇಡಿಯೇಟರಿನ ದೂಳು ತೆಗೆಸಿ, ಹಳೆಯ ಕೂಲೆಂಟ್ ಬದಲಿಸುವುದೇ ಎಂಜಿನ್‌ಗೆ ಮಾಡುವ ಮೊದಲ ಉಪಕಾರ.

ಈಗ ಬ್ರೇಕಿಗೆ ಬರೋಣ. ಓಡುವ ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 1200 ಕಿಲೋ ತೂಕದ ಕಾರು ರಿಂಗ್ ರೋಡಿನಲ್ಲಿ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಸುಮಾರು 167 ಕಿಲೋಜೌಲ್ ಶಕ್ತಿ ಶಾಖವಾಗುತ್ತದೆ. ಅದೇ ಕಾರು ಟ್ರ್ಯಾಕಿನ ನೇರ ದಾರಿಯಲ್ಲಿ 180 ಮುಟ್ಟಿ, ತಿರುವಿಗೆ 60ಕ್ಕೆ ಇಳಿದರೆ 1,333 ಕಿಲೋಜೌಲ್. ಎಂಟು ಪಟ್ಟು! ನಾಲ್ಕೂವರೆ ಲೀಟರ್ ನೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಬೇಕಾದಷ್ಟು ಶಾಖ ಅದು. ಕೆಲವೇ ಸೆಕೆಂಡಿನಲ್ಲಿ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ.

ಕಾರಿನ ಭಾರ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುವುದರಿಂದ, ಇದರಲ್ಲಿ ಶೇಕಡಾ 70ರಷ್ಟು ಕೆಲಸ ಮುಂದಿನ ಚಕ್ರಗಳ ಜೊತೆ ತಿರುಗುವ ಎರಡು ಡಿಸ್ಕ್‌ಗಳದ್ದು. ಒಂದೊಂದು ಡಿಸ್ಕ್ 7 ಕಿಲೋ ಎರಕದ ಕಬ್ಬಿಣ ಅಂದುಕೊಳ್ಳಿ. ಒಂದೇ ಒಂದು ಬ್ರೇಕಿಗೆ ಅವುಗಳ ಬಿಸಿ 140 ಡಿಗ್ರಿ ಏರುತ್ತದೆ. ಪೂರ್ತಿ ಆರುವ ಮೊದಲೇ ಮುಂದಿನ ತಿರುವು. ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ಹೀಗೆ ಸುತ್ತಿನ ಮೇಲೆ ಸುತ್ತು. ಡಿಸ್ಕಿನ ಬಿಸಿ ಅದನ್ನು ಕಚ್ಚಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಬ್ರೇಕಿನ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲ್ಲಿಗೆ ಇಳಿಯುತ್ತದೆ.

ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಎಂಜಿನ್ ಆಯಿಲ್ ಥರದ ಎಣ್ಣೆ ಅಲ್ಲ. ಮಾಮೂಲಿ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಪೈಪಿನ ಮೂಲಕವೂ ತೇವ ನಿಧಾನಕ್ಕೆ ಒಳಗೆ ಸೇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದೇ ಆಯಿಲ್‌ಗೆ ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಅದಕ್ಕೇ ಪೆಡಲ್ ಮೇಲಿನ ಒತ್ತಡ ನೇರವಾಗಿ ಚಕ್ರ ತಲುಪುತ್ತದೆ. ಕುದಿದರೆ ಹುಟ್ಟುವುದು ಆವಿ. ಆವಿ ಕುಗ್ಗುತ್ತದೆ. ನೀವು ತುಳಿಯುತ್ತೀರಿ, ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ಓಡುತ್ತಲೇ ಇರುತ್ತದೆ. ಇದು ಊರೊಳಗೆ ಓಡಿಸುವಾಗ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹಳೆಯ ಆಯಿಲ್‌ನಲ್ಲೂ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಗೊತ್ತಾಗುವುದು ಟ್ರ್ಯಾಕಿನ ಮೂರನೆಯ ಸುತ್ತಿನಲ್ಲೋ ನಾಲ್ಕನೆಯದರಲ್ಲೋ, ಅದೂ ಅತಿ ವೇಗದ ಜಾಗದಲ್ಲಿ. ಹಾಗಾಗಿ ಹೊರಡುವ ಮೊದಲು ಹಳೆಯದನ್ನು ಪೂರ್ತಿ ತೆಗೆಸಿ, ಸೀಲ್ ಒಡೆಯದ ಡಬ್ಬಿಯ ಡಾಟ್ 4 ಅಥವಾ ಡಾಟ್ 5.1 ಹಾಕಿಸಿ. 5.1ರ ಮಿತಿ 260 ಡಿಗ್ರಿ. ಬರೀ ಡಾಟ್ 5 ಅಂತ ಇರುವುದು ಸಿಲಿಕೋನ್, ಬೇರೆಯೇ ಜಾತಿ. ಎರಡನ್ನೂ ಬೆರೆಸಲೇಬಾರದು. ಮಿಸ್ತ್ರಿಗೆ ಇದನ್ನು ಬಿಡಿಸಿ ಹೇಳಿ.

ಪ್ಯಾಡಿನ ವಿಷಯದಲ್ಲಿ ರಸ್ತೆಯ ಅಗತ್ಯವೇ ಬೇರೆ, ಟ್ರ್ಯಾಕಿನ ಅಗತ್ಯವೇ ಬೇರೆ. ರಸ್ತೆಯ ಪ್ಯಾಡ್ ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುತ್ತದೆ. ಅತಿಯಾಗಿ ಕಾದರೆ ಅದರ ಅಂಟು ಸುಟ್ಟು ಹೊಗೆಯಾಗಿ ಹಿಡಿತ ಬಿಡುತ್ತದೆ. ರೇಸ್ ಪ್ಯಾಡ್ ನೂರಾರು ಡಿಗ್ರಿ ಕಾದ ಮೇಲೆಯೇ ಸರಿಯಾಗಿ ಹಿಡಿಯುತ್ತದೆ. ಅದನ್ನು ಹಾಕಿಕೊಂಡು ಬೆಳಗ್ಗೆ ಜಗತ್ ಸರ್ಕಲ್ ಕಡೆ ಹೊರಟಿದ್ದೀರಿ, ಮಗುವೊಂದು ರಸ್ತೆಗೆ ಓಡಿಬಂತು ಅಂದುಕೊಳ್ಳಿ. ಆ ಮೊದಲ ಬ್ರೇಕಿಗೆ ಪ್ಯಾಡ್ ಇನ್ನೂ ತಣ್ಣಗಿರುತ್ತದೆ. ಇಂಥ ಅಪಾಯವನ್ನು ಊರೊಳಗೆ ತರುವ ಹಕ್ಕು ಯಾರಿಗೂ ಇಲ್ಲ. ಪ್ಯಾಡ್ ಬದಲಿಸುವುದು ದೊಡ್ಡ ಕೆಲಸವಲ್ಲ. ರೇಸ್ ಪ್ಯಾಡ್ ಡಿಕ್ಕಿಯಲ್ಲಿ ಒಯ್ದು, ಟ್ರ್ಯಾಕಿನಲ್ಲಿ ಹಾಕಿಸಿ, ವಾಪಸ್ ಹೊರಡುವಾಗ ತೆಗೆಸಿಬಿಡಿ. ತೂತು ಕೊರೆದ ಡಿಸ್ಕ್ ನೋಡಲು ಚಂದ, ಆದರೆ ಟ್ರ್ಯಾಕಿನ ಬಿಸಿಯಲ್ಲಿ ಬಿರುಕು ಆ ತೂತಿನಿಂದಲೇ ಶುರುವಾಗುತ್ತದೆ. ಇನ್ನೊಂದು ಮಾತು: ಓಟ ಮುಗಿದ ಮೇಲೆ ಒಂದು ಸುತ್ತು ನಿಧಾನಕ್ಕೆ ಹೋಗಿ ಬ್ರೇಕ್ ಆರಿಸಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ಇದ್ದರೆ ಅದರ ಅಚ್ಚು ಅಲ್ಲೇ ಕೂರುತ್ತದೆ, ಆಮೇಲೆ ಬ್ರೇಕ್ ಹಾಕಿದಾಗೆಲ್ಲಾ ಕಾರು ನಡುಗುತ್ತದೆ.

ಸ್ಪ್ರಿಂಗಿನ ವಿಷಯ ಬಂದರೆ ನಮ್ಮ ಮಣ್ಣಿನ ಮಾತು ಬರಲೇಬೇಕು. ತೊಗರಿ ಬೆಳೆಯುವ ಈ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇದೆ. ಅದರ ಕಣಗಳ ಪದರಗಳ ನಡುವೆ ನೀರು ನುಗ್ಗುತ್ತದೆ. ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟು ನುಣುಪಾಗಿದ್ದರೂ ಕೆಲ ವರ್ಷಗಳಲ್ಲಿ ಅಲೆಅಲೆಯಾಗುತ್ತದೆ. ಜೇವರ್ಗಿ ಕಡೆ, ಶಹಾಪುರ ಕಡೆ ಕಾರು ಓಡಿಸಿದವರ ಸೊಂಟಕ್ಕೆ ಇದು ಚೆನ್ನಾಗಿ ಗೊತ್ತು, ಅಲ್ವಾ?

ಒಂದು ಅಲೆಯಿಂದ ಇನ್ನೊಂದಕ್ಕೆ 15 ಮೀಟರ್ ಅಂತರ ಇದೆ ಅನ್ನಿ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಆಗ ರಸ್ತೆ ಕಾರನ್ನು ಸೆಕೆಂಡಿಗೆ 1.33 ಸಲ ಮೇಲಕ್ಕೆ ತಳ್ಳುತ್ತದೆ. ಮಾಮೂಲಿ ಕಾರು ತನ್ನ ಸ್ಪ್ರಿಂಗ್ ಮೇಲೆ ತಾನಾಗಿ ಕುಣಿಯುವ ವೇಗವೂ ಸೆಕೆಂಡಿಗೆ 1ರಿಂದ 1.5 ಸಲ. ಎರಡೂ ತಾಳ ಕೂಡಿದರೆ ಕುಣಿತ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಟ್ರ್ಯಾಕಿಗಾಗಿ ಗಟ್ಟಿ ಸ್ಪ್ರಿಂಗ್ ಹಾಕಿ ಕಾರಿನ ತಾಳವನ್ನು 2ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಸಮಸ್ಯೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಅದೇ ಅಲೆಗಳ ಮೇಲೆ ಈಗ ಕುಣಿತ ಬರುವುದು ಗಂಟೆಗೆ 108 ಕಿಲೋಮೀಟರಿನಲ್ಲಿ. ನೆಲದ ಹಿಡಿತ ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ವೇಗದಲ್ಲಿ ಟೈರ್ ನೆಲ ಬಿಡತೊಡಗುತ್ತದೆ.

ಕೆಲವರು ದುಡ್ಡು ಉಳಿಸಲು ಇದ್ದ ಸ್ಪ್ರಿಂಗನ್ನೇ ಕಟ್ ಮಾಡಿಸುತ್ತಾರೆ. ಕೆಲಸ ಮಾಡುವ ಸುತ್ತು 8 ಇದ್ದದ್ದು 6ಕ್ಕೆ ಇಳಿದರೆ ಸ್ಪ್ರಿಂಗ್ ಶೇಕಡಾ 33ರಷ್ಟು ಗಟ್ಟಿಯಾಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್‌ಗೆ ಅದನ್ನು ಹಿಡಿಯುವ ತಾಕತ್ತು ಇರುವುದಿಲ್ಲ, ಒಳಗೆ ಓಡಾಡಲು ಜಾಗವೂ ಉಳಿಯುವುದಿಲ್ಲ. ಜೊತೆಗೆ ನಮ್ಮ ಸ್ಪೀಡ್ ಬ್ರೇಕರ್‌ಗಳು ಬೇರೆ. ದಯವಿಟ್ಟು ಮಾಡಿಸಬೇಡಿ. ಮೊದಲು ಒಳ್ಳೆಯ ಶಾಕ್ ಅಬ್ಸಾರ್ಬರ್, ಆಮೇಲೆ ಬೇಕಿದ್ದರೆ ಅದಕ್ಕೆ ಹೊಂದುವ, ಸ್ವಲ್ಪ ಮಾತ್ರ ಗಟ್ಟಿಯಾದ ಸ್ಪ್ರಿಂಗ್.

ತೂಕ ಇಳಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಹಗುರ ಕಾರು ಬೇಗ ಓಡುತ್ತದೆ, ಬೇಗ ನಿಲ್ಲುತ್ತದೆ, ಬ್ರೇಕಿಗೂ ಟೈರಿಗೂ ಶಾಖ ಕಮ್ಮಿ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿನ ಎಂಜಿನ್ ದೊಡ್ಡದೇನಲ್ಲ. ತೂಕ ಒಂದು ಟನ್‌ಗಿಂತ ಕಮ್ಮಿ ಇದ್ದದ್ದೇ ಅದರ ಬಲ. ಆದರೆ ಹಿಂದಿನ ಸೀಟು ಕಿತ್ತು ರೋಲ್ ಕೇಜ್ (ಕಾರು ಪಲ್ಟಿಯಾದರೆ ಕಾಪಾಡುವ ಪೈಪಿನ ಪಂಜರ) ಕೂರಿಸಿ ಅದನ್ನೇ ಊರಲ್ಲಿ ಓಡಿಸುವುದು ಬೇಡ. ಹೆಲ್ಮೆಟ್ ಇಲ್ಲದೆ ಕೂತವರ ತಲೆಗೆ ಸಣ್ಣ ಅಪಘಾತದಲ್ಲೂ ಆ ಕಬ್ಬಿಣದ ಪೈಪ್ ಬಡಿಯುತ್ತದೆ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡ, ಜೈಲು ಎರಡೂ ಸೇರಿದವು. ಬ್ರೇಕ್ ಆಯಿಲ್, ಪ್ಯಾಡ್, ನಿಗದಿತ ಅಳತೆಯ ಒಳ್ಳೆಯ ಟೈರ್ ಇವೆಲ್ಲ ಮಾಮೂಲಿ ನಿರ್ವಹಣೆಯೇ. ರಿಂಗ್ ರೋಡಿನಲ್ಲಿ ರೇಸ್ ಹಚ್ಚುವುದಂತೂ ಅಪರಾಧ, ಅದು ಯಾವ ಕಾರಾದರೂ ಸರಿ.

ಉಳಿದದ್ದು ಟೈರ್. ರಬ್ಬರ್ ಡಾಂಬರಿನ ಸಣ್ಣ ಸಣ್ಣ ಕಲ್ಲುಗಳ ಮೇಲೆ ಬಗ್ಗಿ ಕೂತು ಹಿಡಿಯುತ್ತದೆ. ಆ ಬಗ್ಗುವಿಕೆಯಿಂದಲೇ ಬಿಸಿಯೂ ಹುಟ್ಟುತ್ತದೆ. ನಮ್ಮಲ್ಲಿ ಮೇ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿ ಮೀರಿರುತ್ತದೆ, ಅದು ಬೇರೆ ಸೇರಿಕೊಳ್ಳುತ್ತದೆ. ಒಳಗಿನ ಗಾಳಿ ಕಾದರೆ ಒತ್ತಡ ಏರುತ್ತದೆ. ಬೆಳಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿಸಿದ ಟೈರ್, ಟ್ರ್ಯಾಕಿನಲ್ಲಿ 75 ಡಿಗ್ರಿಗೆ ಕಾದಾಗ ಸುಮಾರು 39 ತೋರಿಸುತ್ತದೆ. ಆಗ ಟೈರಿನ ನಡುಭಾಗ ಉಬ್ಬಿ, ನೆಲಕ್ಕೆ ತಾಗುವ ಜಾಗ ಕಮ್ಮಿಯಾಗುತ್ತದೆ, ಕಾರು ಜಾರುತ್ತದೆ. ಅದಕ್ಕೇ ಅನುಭವಸ್ಥರು ಬಿಸಿ ಟೈರಿನಿಂದಲೇ ಗಾಳಿ ಇಳಿಸಿ 33ರ ಹತ್ತಿರ ತರುತ್ತಾರೆ. ಟ್ರ್ಯಾಕಿಗೆ ಇದು ಸರಿ.

ಮರುದಿನ ಊರಿಗೆ ಹೊರಡುವಾಗ ಲೆಕ್ಕ ತಿರುಗುತ್ತದೆ. ರಾತ್ರಿ ಆರಿದ ಅದೇ ಟೈರಿನಲ್ಲಿ ಈಗ ಉಳಿದಿರುವುದು 27 ಪಿಎಸ್‌ಐ ಮಾತ್ರ. ಜೊತೆಗೆ ಸಾಮಾನು, ಇಬ್ಬರು ಗೆಳೆಯರು, ಮುಂದೆ ನೂರಾರು ಕಿಲೋಮೀಟರ್ ಹೆದ್ದಾರಿ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಬಗ್ಗುತ್ತದೆ, ಜಾಸ್ತಿ ಕಾಯುತ್ತದೆ, ಒಳಗಿನ ಪದರಗಳ ಅಂಟು ಬಿಟ್ಟು ಸಿಡಿಯುತ್ತದೆ. ಬೇಸಿಗೆಯಲ್ಲಿ ಹೆದ್ದಾರಿಗಳಲ್ಲಿ ಟೈರ್ ಸಿಡಿಯಲು ಇದು ಮುಖ್ಯ ಕಾರಣಗಳಲ್ಲೊಂದು. ಚೆನ್ನೈ ಬಿಡುವ ಮುಂಜಾನೆ, ಟೈರ್ ತಣ್ಣಗಿರುವಾಗಲೇ 32ಕ್ಕೆ ಗಾಳಿ ಹಾಕಿಸಿ. ಸ್ಟೆಪ್ನಿಯದ್ದೂ ನೋಡಿಸಿ. ತೂಕ ಇಳಿಸಲು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಪಂಕ್ಚರ್ ಕಿಟ್, ಗಾಳಿ ಪಂಪ್ ಎರಡೂ ಡಿಕ್ಕಿಯಲ್ಲಿ ಇರಲೇಬೇಕು.