ಸಾಬೂನಿಗೆ ಕಾನಿನ ಮುರುಗಲು: ಕಾಡಿಗೆ ಪೆಟ್ಟಾಗದಂತೆ ಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಸ್ತ್ರೀಶಕ್ತಿ ಸಂಘದವರು. ಮುರುಗಲು (ಕೋಕಂ) ಬೀಜದಿಂದ ತೆಗೆದ ತುಪ್ಪ, ಸೀಗೆಪುಡಿ, ಅಂಟುವಾಳ ಬಳಸಿ ಸಾಬೂನು ಮತ್ತು ಹಿಮ್ಮಡಿಗೆ ಹಚ್ಚುವ ಮುಲಾಮು ತಯಾರಿಸುತ್ತೇವೆ. ಬೇಡಿಕೆ ಹೆಚ್ಚಿದಂತೆ ಸುತ್ತಲಿನ ಕಾನುಗಳಿಂದ, ಎಂದರೆ ಊರಿನ ಬದಿಯ ದಟ್ಟ ಕಾಡುಗಳಿಂದ, ಹೆಚ್ಚು ಸರಕು ತರಿಸಬೇಕಾಗಿ ಬಂದಿದೆ. ಎಲ್ಲವೂ ಸಹಜ ಉತ್ಪನ್ನವೇ ಆಗಿರುವಾಗ ಇದರಿಂದ ಕಾಡಿಗೆ ಹಾನಿಯಾಗುತ್ತದೆಯೇ?

ಉತ್ತರ: ಆಗಬಹುದು, ಆದರೆ ಆಗಲೇಬೇಕೆಂದಿಲ್ಲ. ಗಿಡದ ಯಾವ ಭಾಗವನ್ನು ತೆಗೆದರು, ಯಾವ ಹೊತ್ತಿನಲ್ಲಿ ತೆಗೆದರು, ಮರದ ಮೇಲೂ ಬುಡದಲ್ಲೂ ಎಷ್ಟು ಉಳಿಸಿದರು ಎಂಬುದರ ಮೇಲೆ ಅದು ನಿಂತಿದೆ. ಈ ಮೂರನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಕೊಳ್ಳುವವರು ಕೊಡುವ ಬೆಲೆ. ಆದ್ದರಿಂದ ನಿಮ್ಮ ಪ್ರಶ್ನೆಯ ಉತ್ತರದ ದೊಡ್ಡ ಪಾಲು ನಿಮ್ಮ ಖರೀದಿಯಲ್ಲೇ ಇದೆ.

ಮುರುಗಲನ್ನೇ ತೆಗೆದುಕೊಳ್ಳೋಣ. ಅದು ಏಪ್ರಿಲ್–ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ ಹಣ್ಣಾಗುತ್ತದೆ. ಕಾನಿನ ಮರ ಯಾರೊಬ್ಬರ ಸ್ವತ್ತೂ ಅಲ್ಲದಿರುವುದರಿಂದ, ಹಣ್ಣು ಕೆಂಪಗಾಗಲೆಂದು ಕಾದವರಿಗೆ ಏನೂ ಸಿಗದೆ, ಮೊದಲು ಹೋಗಿ ಹಸಿರು ಕಾಯಿಯನ್ನೇ ಉದುರಿಸಿದವರಿಗೆ ಎಲ್ಲವೂ ಸಿಗುವ ಪರಿಸ್ಥಿತಿ ಬೇಗ ಹುಟ್ಟುತ್ತದೆ. ಅವಸರದಲ್ಲಿ ದೋಟಿಯ ಬದಲು ಕತ್ತಿ ಮರ ಹತ್ತುತ್ತದೆ, ಕೊಂಬೆಗಳು ಕೆಳಗೆ ಬೀಳುತ್ತವೆ. ಮಲೆನಾಡು ಇದನ್ನು ಮುರುಗಲಿನ ಹತ್ತಿರದ ಬಂಧುವಾದ ಉಪ್ಪಾಗೆ ಮರದಲ್ಲಿ ಕಂಡಿದೆ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗಾಗಿ ಅದರ ಸಿಪ್ಪೆಗೆ ಹೊರದೇಶಗಳಿಂದ ಬೇಡಿಕೆ ಬಂದು ಬೆಲೆ ಏರಿದಾಗ, ಬಲಿಯದ ಕಾಯಿಯನ್ನು ಕೊಯ್ಯುವುದೂ ಕೊಂಬೆ ಕಡಿಯುವುದೂ ಹೆಚ್ಚಿತು. ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗುವುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಆ ಕಟ್ಟಿಗೆಯೂ ಅದೇ ಕಾಡಿನಿಂದಲೇ ಬರಬೇಕು. ಶರಾವತಿ ಕಣಿವೆಯ ಸಿಂಗಳೀಕಗಳಿಗೆ ಉಪ್ಪಾಗೆ ಆಹಾರವೆಂಬುದನ್ನೂ ಇಲ್ಲಿ ನೆನೆಯಬೇಕು.

ಬೀಜದ ತುಪ್ಪದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುರುಗಲು ಬೀಜವನ್ನು ತೊಳೆದು, ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟುವುದು ನಿಮಗೆ ಗೊತ್ತಿರುವ ಕೆಲಸವೇ. ಆದರೆ ಈ ಬೀಜ ಒಮ್ಮೆ ಚೆನ್ನಾಗಿ ಒಣಗಿದರೆ ಮತ್ತೆ ಮೊಳೆಯುವುದಿಲ್ಲ. ಸಾಲುಧೂಪವೆಂಬ ಕಾಡುಮರದ ಬೀಜದ ಗುಣವೂ ಇದೇ. ಅದರ ಕೊಬ್ಬಿಗೂ ಪ್ರಸಾಧನ ಉದ್ಯಮದಲ್ಲಿ ಬೇಡಿಕೆಯಿದೆ. ಇಂಥ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತುಕೊಳ್ಳುವುದಿಲ್ಲವಾದ್ದರಿಂದ, ಒಂದು ವರ್ಷ ಕಾನನ್ನು ಪೂರ್ತಿ ಗುಡಿಸಿ ತಂದರೆ ಆ ವರ್ಷದ ಸಸಿಗಳೇ ಇರುವುದಿಲ್ಲ. ದೊಡ್ಡ ಮರಗಳು ಹಸಿರಾಗಿ ನಿಂತಿರುವುದರಿಂದ ಈ ನಷ್ಟ ಹಲವು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತು ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ. ಮುರುಗಲಿನಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ ಇರುತ್ತವೆ. ಕಾಯಿ ಬಿಡದ ಮರವೆಂದು ಗಂಡುಮರವನ್ನು ಕಟ್ಟಿಗೆಗೆ ಕಡಿಯುವ ರೂಢಿಯನ್ನು ಸಂಗ್ರಹಕಾರರೊಂದಿಗೆ ಮಾತಾಡಿ ನಿಲ್ಲಿಸಬೇಕು.

ಖರೀದಿಯ ದಿನ ಮೂಟೆಯಿಂದ ಒಂದು ಹಿಡಿ ಬೀಜ ತೆಗೆದು ನೋಡಿ. ಬಲಿತ ಹಣ್ಣಿನ ಬೀಜ ತುಂಬಿಕೊಂಡು ಗಟ್ಟಿಯಾಗಿರುತ್ತದೆ; ಎಳೆಗಾಯಿಯದು ಒಣಗಿದಾಗ ಸುಕ್ಕುಗಟ್ಟಿ ಹಗುರವಾಗುತ್ತದೆ, ತುಪ್ಪವನ್ನೂ ಕಡಿಮೆ ಕೊಡುತ್ತದೆ. ಬಲಿತ ಬೀಜಕ್ಕೆ ಹೆಚ್ಚಿನ ದರ ಕೊಡುತ್ತೇವೆ, ಎಳೆಯದನ್ನು ಕೊಳ್ಳುವುದೇ ಇಲ್ಲ ಎಂದು ಹಂಗಾಮಿಗೆ ಮುಂಚೆಯೇ, ಫೆಬ್ರುವರಿಯಲ್ಲಿ, ಹೇಳಿಬಿಡಿ. ಮಧ್ಯವರ್ತಿಯ ಮೂಲಕ ಬರುವ ಮೂಟೆಯಾದರೆ ಯಾವ ಊರಿನ ಯಾವ ಕಾನಿನದು ಎಂದು ಕೇಳಿ, ಪುಸ್ತಕದಲ್ಲಿ ಬರೆದಿಡಿ. ಉತ್ತರ ಬಾರದ ಸರಕನ್ನು ಬಿಡುವುದೇ ಸರಿ.

ಸೀಗೆಯಲ್ಲಿ ಕಾಯಿಯನ್ನಷ್ಟೇ ಕೊಯ್ಯಬೇಕು. ಬಳ್ಳಿಯನ್ನು ಬುಡಕ್ಕೆ ಕಡಿದು ಎಳೆದು ತಂದರೆ ಮುಂದಿನ ವರ್ಷಗಳ ಫಸಲೂ ಹೋಯಿತು. ಅಂಟುವಾಳ ಅಷ್ಟು ಕಷ್ಟದ ವಿಷಯವಲ್ಲ, ಬಿದ್ದ ಕಾಯಿ ಆಯ್ದರೆ ಸಾಕು, ಹಿತ್ತಲಲ್ಲೂ ಬೆಳೆಸಬಹುದು. ತೊಗಟೆ, ಬೇರು, ಚೇಗಿನ (ಕಾಂಡದ ಒಳಗಿನ ಗಟ್ಟಿ ಮರ) ಮಾತು ಬೇರೆ. ಅಶೋಕದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಶ್ರೀಗಂಧದ ಎಣ್ಣೆ ಚೇಗಿನಲ್ಲೂ ಬೇರಿನಲ್ಲೂ ಇರುವುದರಿಂದ ಮರವನ್ನು ಬುಡಸಹಿತ ಕೀಳಬೇಕಾಗುತ್ತದೆ. 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಗುವಷ್ಟು ಗಂಧ ಈ ಸೀಮೆಯಲ್ಲಿತ್ತು. ಇಂದು ಕಾಡಿನಲ್ಲಿ ದೊಡ್ಡ ಗಂಧದ ಮರ ಕಾಣುವುದೇ ಅಪರೂಪ. ಇಂಥ ಭಾಗಗಳು ಬೇಕಾದರೆ ಜಮೀನಿನಲ್ಲಿ ಬೆಳೆಸಿದ್ದನ್ನು ಮಾತ್ರ ದಾಖಲೆಯೊಂದಿಗೆ ಕೊಳ್ಳಿ.

ಕಾನೂನಿನ ಕಡೆಯಿಂದ ನೋಡಿದರೆ, 2002ರ ಜೀವವೈವಿಧ್ಯ ಕಾಯ್ದೆಯು ವಾಣಿಜ್ಯ ಬಳಕೆಯ ವ್ಯಾಖ್ಯೆಯಲ್ಲಿ ಸೌಂದರ್ಯವರ್ಧಕಗಳನ್ನೂ ಸುಗಂಧದ್ರವ್ಯಗಳನ್ನೂ ಹೆಸರಿಸಿ ಸೇರಿಸಿದೆ. ವಾಣಿಜ್ಯ ಬಳಕೆಗಾಗಿ ಜೈವಿಕ ಸಂಪನ್ಮೂಲ ಪಡೆಯುವ ಭಾರತೀಯ ಸಂಸ್ಥೆಗಳು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಸ್ಥಳೀಯ ಜನರಿಗೆ, ಬೆಳೆಗಾರರಿಗೆ ವಿನಾಯಿತಿಯಿದೆ. 2023ರ ತಿದ್ದುಪಡಿ ಕೃಷಿ ಮಾಡಿದ ಔಷಧೀಯ ಸಸ್ಯಗಳಿಗೂ ರಿಯಾಯಿತಿ ಕೊಟ್ಟಿತು. ಭಾರತೀಯ ಕಂಪನಿಗಳೂ ಲಾಭದ ಪಾಲನ್ನು ಸ್ಥಳೀಯ ಸಮುದಾಯಗಳೊಂದಿಗೆ ಹಂಚಿಕೊಳ್ಳಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ದಿವ್ಯಾ ಫಾರ್ಮಸಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಸಂಘ ಹೊರಗಿನ ಕಂಪನಿಗೆ ಸರಕು ಪೂರೈಸತೊಡಗಿದರೆ ಮಂಡಳಿಗೆ ಪತ್ರ ಬರೆದು ಸ್ಪಷ್ಟನೆ ಪಡೆಯುವುದು ಒಳ್ಳೆಯದು. ಮೀಸಲು ಅರಣ್ಯದಿಂದ ಸಂಗ್ರಹಿಸುವುದಾದರೆ ಅರಣ್ಯ ಇಲಾಖೆಯ ನಿಯಮಗಳೂ ಅನ್ವಯಿಸುತ್ತವೆ. ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕಂಡು, ಯಾವ ಕಾನಿನಿಂದ ಯಾವ ತಿಂಗಳು ಕೊಯ್ಲು ಎಂಬುದನ್ನು ಅವರ ಸಮ್ಮುಖದಲ್ಲೇ ಗೊತ್ತುಮಾಡಿಕೊಳ್ಳಿ. ಊರಿನವರೇ ಕೊಯ್ಲಿನ ದಿನ ಗೊತ್ತುಮಾಡಿದಾಗ ಹಣ್ಣಿಗಾಗಿ ಕಾಯುವವರು ಮೋಸ ಹೋಗುವುದಿಲ್ಲ.

ಬೇಡಿಕೆ ಇನ್ನೂ ಬೆಳೆಯುವ ಲಕ್ಷಣವಿದ್ದರೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಅಂಚಿನಲ್ಲೂ ತೋಟದ ಬೇಲಿಯಲ್ಲೂ ಮುರುಗಲು ನೆಡಲು ಈಗಲೇ ಆರಂಭಿಸಿ. ಹೆಣ್ಣುಮರದಿಂದ ಕಟ್ಟಿದ ಕಸಿಗಿಡ ಬೇಗ ಫಲ ಕೊಡುತ್ತದೆ, ಆದರೆ ಒಂದೇ ತಾಯಿಮರದ ಕಸಿಗಳನ್ನೇ ಎಲ್ಲೆಡೆ ನೆಟ್ಟರೆ ತಳಿಯ ವೈವಿಧ್ಯ ಕುಗ್ಗುತ್ತದೆ. ಆದ್ದರಿಂದ ಬೇರೆ ಬೇರೆ ಕಾನುಗಳ ಮರಗಳಿಂದ ಕಸಿ ಕಟ್ಟಿಸಿ, ಜೊತೆಗೆ ಬೀಜದ ಸಸಿಗಳನ್ನೂ ಬೆರೆಸಿ ನೆಡಿ. ಅವುಗಳಲ್ಲಿ ಕೆಲವು ಗಂಡಾಗುತ್ತವೆ, ಪರಾಗಕ್ಕೆ ಅವು ಬೇಕೇ ಬೇಕು. ಬೀಜವನ್ನು ಮಾತ್ರ ಹಣ್ಣು ಬಿಡಿಸಿದ ಕೂಡಲೇ, ತೇವ ಆರುವ ಮೊದಲೇ, ಮಡಿಗೆ ಹಾಕಬೇಕು.