ಎಲ್‌ಇಡಿ ಹಾಕಿಸಿ ಲೈಟನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕಲ್ಲವೇ?

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಹೆಡ್‌ಲೈಟ್‌ನಲ್ಲಿರುವುದು ಎಚ್4 ಹ್ಯಾಲೊಜೆನ್ ಬಲ್ಬು. ರಾತ್ರಿ ಹೈವೇಯಲ್ಲಿ ರಸ್ತೆ ಸರಿಯಾಗಿ ಕಾಣುವುದಿಲ್ಲ. ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಹಾಕಿಸಬಹುದೇ? ಎದುರಿನವರ ಕಣ್ಣಿಗೆ ಹೊಡೆದರೆ ಲೈಟನ್ನು ಸ್ವಲ್ಪ ಕೆಳಗೆ ಇಳಿಸಿಕೊಂಡರೆ ಆಯಿತಲ್ಲ?

ಉತ್ತರ: ಹಾಕಿಸಬೇಡಿ. ಪ್ರಶ್ನೆಯ ಕೊನೆಯ ವಾಕ್ಯಕ್ಕೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಬಾರಿ ಲೆಕ್ಕ ಸಮೇತ ಹೇಳುತ್ತೇನೆ.

ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ (ಗಾಜನ್ನು ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕಾದು ಬಲ್ಬು ಬೇಗ ಹೋಗುತ್ತದೆ). ಒಳಗೆ ಎರಡು ಫಿಲಮೆಂಟ್. ಹಿಂದಿನದು ಹೈ ಬೀಮಿನದು (ದೂರಕ್ಕೆ ಹೋಗುವ ಬೆಳಕು). ಮುಂದಿನದು ಲೋ ಬೀಮಿನದು (ಎದುರು ವಾಹನ ಬಂದಾಗ ಹಾಕುವ ತಗ್ಗಿದ ಬೆಳಕು), ಅದರ ಕೆಳಗೆ ಪುಟ್ಟ ಬಟ್ಟಲಿನಂಥ ತಗಡು ಇದೆ. ಕೆಳಗೆ ಹೋಗಿ ರಿಫ್ಲೆಕ್ಟರಿಗೆ (ಬಲ್ಬಿನ ಸುತ್ತಲಿನ ಹೊಳೆಯುವ ಕನ್ನಡಿ ಬಟ್ಟಲು) ತಾಗಿ ಮೇಲಕ್ಕೆ ಚಿಮ್ಮಬೇಕಾದ ಬೆಳಕನ್ನು ಆ ತಗಡು ತಡೆಯುತ್ತದೆ. ಲೈಟನ್ನು ಗೋಡೆಗೆ ಹೊಡೆದಾಗ ಬೆಳಕಿನ ಮೇಲಂಚಿನಲ್ಲಿ ಕಾಣುವ ಅಡ್ಡಗೆರೆ, ನಮ್ಮಲ್ಲಿ ಎಡಕ್ಕೆ 15 ಡಿಗ್ರಿ ಏರುವ ಆ ಓರೆ, ಎರಡೂ ಆ ತಗಡಿನ ಅಂಚಿನಿಂದಲೇ ಬರುವುದು. ಫಿಲಮೆಂಟ್ ಎಂದರೆ ಕೆಲವೇ ಮಿಲಿಮೀಟರ್ ಉದ್ದದ, ಸುತ್ತಲೂ ಬೆಳಗುವ ಸಣ್ಣ ಕೊಳವೆ. ರಿಫ್ಲೆಕ್ಟರಿನ ಪ್ರತಿ ಬಿಂದುವೂ ಆ ಕೊಳವೆಯ ಒಂದೊಂದು ಪ್ರತಿಬಿಂಬವನ್ನು ರಸ್ತೆಗೆ ಎಸೆಯುತ್ತದೆ. ರಿಫ್ಲೆಕ್ಟರಿನ ಆಕಾರವನ್ನು ಕೆತ್ತಿರುವುದೇ ಆ ಕೊಳವೆ ಎಲ್ಲಿದೆ, ಎಷ್ಟು ದಪ್ಪವಿದೆ ಎಂಬುದರ ಮೇಲೆ.

ಎಲ್‌ಇಡಿ ಬಲ್ಬಿನಲ್ಲಿ ಕೊಳವೆ ಇಲ್ಲ. ತಾಮ್ರದ ಪಟ್ಟಿಯ ಎರಡು ಬದಿಗೆ ಚಪ್ಪಟೆ ಚಿಪ್ ಅಂಟಿಸಿರುತ್ತಾರೆ. ಪಟ್ಟಿಯ ದಪ್ಪದಷ್ಟು ಚಿಪ್‌ಗಳು ನಡುವಿನಿಂದ ಆಚೀಚೆ ಸರಿದಿರುತ್ತವೆ. ಒಂದು ಮಿಲಿಮೀಟರಿಗೆ ಏನಾಗುತ್ತದೆ ಎಂದು ಕೇಳುವವರಿಗೆ ಈ ಲೆಕ್ಕ: ರಿಫ್ಲೆಕ್ಟರಿನ ಫೋಕಲ್ ಉದ್ದ (ಅದರ ತಳದಿಂದ ಬೆಳಕಿನ ಮೂಲ ಇರಬೇಕಾದ ಬಿಂದುವಿಗಿರುವ ದೂರ) 25 ಮಿ.ಮೀ. ಎಂದಿಟ್ಟುಕೊಳ್ಳಿ. ಬೆಳಕಿನ ಮೂಲ 1 ಮಿ.ಮೀ. ಜರುಗಿದರೆ ಕಿರಣ ಸುಮಾರು 2.3 ಡಿಗ್ರಿ ತಿರುಗುತ್ತದೆ. 50 ಮೀಟರ್ ದೂರದಲ್ಲಿ ಅದು 2 ಮೀಟರ್ ವ್ಯತ್ಯಾಸ. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಚಾಲಕನ ಕಣ್ಣಿನ ಮಟ್ಟಕ್ಕೆ ಏರಲು ಅಷ್ಟು ಸಾಕು.

ಈಗ ‘ಕೆಳಗಿಳಿಸಿದರೆ ಆಯಿತು’ ಎಂಬ ಮಾತಿಗೆ ಬರೋಣ. ಲೋ ಬೀಮನ್ನು ಸಾಮಾನ್ಯವಾಗಿ ಶೇಕಡಾ 1ರಷ್ಟು ಇಳಿಜಾರಿಗೆ ಕೂರಿಸಿರುತ್ತಾರೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಹೆಡ್‌ಲೈಟ್ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದರೆ ಅಡ್ಡಗೆರೆ 65 ಮೀಟರ್ ಆಚೆ ರಸ್ತೆಗೆ ತಾಗುತ್ತದೆ. ಅದನ್ನು ಶೇಕಡಾ 2.5ಕ್ಕೆ ಇಳಿಸಿದಿರಿ ಎನ್ನಿ. ಬೆಳಕು 26 ಮೀಟರಿಗೇ ಮುಗಿಯಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಕಳೆದುಹೋಗಿರುತ್ತದೆ. ಬ್ರೇಕ್ ಒತ್ತುವ ಮೊದಲೇ ಬೆಳಕಿನ ಗಡಿ ದಾಟಿರುತ್ತೀರಿ.

ಇಷ್ಟು ಕಳೆದುಕೊಂಡರೂ ಎದುರಿನವರಿಗೆ ಉಪಕಾರವಾಯಿತೇ? ಇಲ್ಲ. ಕಣ್ಣಿಗೆ ಹೊಡೆಯುವುದು ಅಡ್ಡಗೆರೆಯ ಕೆಳಗಿನ ಬೆಳಕಲ್ಲ, ಗೆರೆ ದಾಟಿ ಮೇಲಕ್ಕೆ ಚದುರಿದ ಬೆಳಕು. ಶೇಕಡಾ 1ರಿಂದ 2.5ಕ್ಕೆ ಇಳಿಸುವುದೆಂದರೆ ಒಂದು ಡಿಗ್ರಿಗಿಂತ ಕಡಿಮೆ. ಎರಡು ಮೂರು ಡಿಗ್ರಿ ಚದುರಿದ ಬೆಳಕು ಅದರಿಂದ ರಸ್ತೆಗೆ ಇಳಿಯುವುದಿಲ್ಲ. ಅಡ್ಜಸ್ಟ್ ಮಾಡುವ ಸ್ಕ್ರೂ ಇಡೀ ಬೀಮನ್ನು ಬಗ್ಗಿಸುತ್ತದೆ, ಕೆಟ್ಟ ಬೀಮನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ.

‘ಆದರೂ ಹಾಕಿಸಿದ ಮೇಲೆ ನನಗೆ ಚೆನ್ನಾಗಿ ಕಾಣುತ್ತಿದೆ’ ಎನ್ನುವವರ ಮಾತು ಸುಳ್ಳಲ್ಲ. ಬಾನೆಟ್ಟಿನ ಮುಂದಿನ ಹತ್ತು ಹದಿನೈದು ಮೀಟರ್ ಹಾಲು ಚೆಲ್ಲಿದಂತೆ ಬೆಳಗುತ್ತದೆ. ಕಣ್ಣು ಆ ಬೆಳಕಿಗೆ ಒಗ್ಗಿಕೊಳ್ಳುತ್ತದೆ, ಅದರಾಚೆಯ ಕತ್ತಲು ಇನ್ನಷ್ಟು ಗಾಢವಾಗುತ್ತದೆ. ಡಬ್ಬದ ಮೇಲಿನ 20,000 ಲ್ಯೂಮೆನ್ (ಬಲ್ಬು ಸೂಸುವ ಒಟ್ಟು ಬೆಳಕಿನ ಅಳತೆ) ನಂಬಬೇಡಿ. ಎಚ್4ನ ಲೋ ಬೀಮ್ ಮಾನದಂಡದ ಪ್ರಕಾರ 1,000 ಲ್ಯೂಮೆನ್, ಹೈ ಬೀಮ್ 1,650. 25 ವ್ಯಾಟಿನ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಕೊಟ್ಟರೂ 2,500. ಅದೂ ತಣ್ಣಗಿರುವಾಗ. ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಹಿಂದಿನ ರಬ್ಬರ್ ಮುಚ್ಚಳದೊಳಗೆ ಗಾಳಿಯಾಡದೆ, ಎಲ್‌ಇಡಿಯನ್ನು ತಣ್ಣಗಿಡುವ ಪುಟ್ಟ ಫ್ಯಾನ್ ನಿಂತರೆ ಬಲ್ಬು ಮಿಣುಕಲು ಶುರು.

ಮುಂದೆ ಗುಂಡು ಲೆನ್ಸ್ ಇರುವ ಪ್ರೊಜೆಕ್ಟರ್ ಹೆಡ್‌ಲೈಟಿದ್ದರೆ ಗೆರೆ ಉಳಿಯುತ್ತದೆ, ಕಣ್ಣಿಗೆ ಹೊಡೆಯುವುದು ಕಡಿಮೆ. ಆದರೆ ದೂರಕ್ಕೆ ಹೋಗಬೇಕಾದ ನಡುವಿನ ತೀಕ್ಷ್ಣ ಬೆಳಕು ಹರಡಿ ತೆಳುವಾಗುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರುಗಳ ಮಾತು ಬೇರೆ, ಅಲ್ಲಿ ಇಡೀ ಹೆಡ್‌ಲೈಟನ್ನು ಎಲ್‌ಇಡಿ ಚಿಪ್‌ಗೆಂದೇ ಮಾಡಿರುತ್ತಾರೆ. ಜರ್ಮನಿಯಲ್ಲಿ ಒಪ್ಪಿಗೆ ಇದೆಯಲ್ಲ ಎನ್ನುವವರಿಗೆ: 2020ರಲ್ಲಿ ಓಸ್ರಾಮ್‌ನ ಒಂದು ಎಚ್7 (ಒಂದೇ ಫಿಲಮೆಂಟಿನ ಇನ್ನೊಂದು ಬಗೆಯ ಬಲ್ಬು) ಎಲ್‌ಇಡಿಗೆ ಅಲ್ಲಿ ಅನುಮತಿ ಸಿಕ್ಕಿದ್ದು ನಿಜ, ಆದರೆ ಪಟ್ಟಿಯಲ್ಲಿರುವ ಕಾರಿನ ಮಾಡೆಲ್‌ಗಳಿಗೆ ಮಾತ್ರ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು ಎನ್ನುತ್ತದೆ. ಕರ್ನಾಟಕದ ಪೊಲೀಸರು 2024ರ ಜುಲೈಯಿಂದ ಇಂಥ ಲೈಟುಗಳ ಮೇಲೆ ವಿಶೇಷವಾಗಿ ಕೇಸು ಹಾಕಲು ಶುರು ಮಾಡಿದ್ದಾರೆ.

ಹಾಗಾದರೆ ಮಾಡುವುದೇನು? ಮೊದಲು ವೋಲ್ಟೇಜ್ ಅಳೆಯಿರಿ. ಎಂಜಿನ್ ಓಡುತ್ತಿರಲಿ, ಲೈಟ್ ಹತ್ತಿರಲಿ. ಬ್ಯಾಟರಿಯ ಮೇಲೊಮ್ಮೆ, ಬಲ್ಬಿನ ಕನೆಕ್ಟರಿನ ಹಿಂದೆ ಇನ್ನೊಮ್ಮೆ ಮಲ್ಟಿಮೀಟರ್ ಇಡಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಕಳ್ಳ ವೈರಿಂಗಿನಲ್ಲೇ ಸಿಕ್ಕ. ಹ್ಯಾಲೊಜೆನ್ ಬಲ್ಬಿಗೆ 1 ವೋಲ್ಟ್ ಕಡಿಮೆಯಾದರೆ ಕಾಲು ಭಾಗದಷ್ಟು ಬೆಳಕು ಹೋಯಿತು. ಅನೇಕ ಹಳೆಯ ಕಾರುಗಳಲ್ಲಿ ಎರಡೂ ಬಲ್ಬಿನ ಸುಮಾರು 9 ಆಂಪಿಯರ್ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಇರುವ ವೈರಿಂಗ್ ಕಿಟ್ ಹಾಕಿಸಿ, ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ. ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸ್. ಕೆಲವು ಕಾರುಗಳಲ್ಲಿ ಸ್ವಿಚ್ ನೆಗೆಟಿವ್ ಕಡೆ ಇರುತ್ತದೆ, ಕಿಟ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಬಲ್ಬು 60/55 ವ್ಯಾಟಿನದೇ (ಹೈ ಬೀಮ್ 60, ಲೋ ಬೀಮ್ 55) ಇರಲಿ, ಎರಡನ್ನೂ ಒಟ್ಟಿಗೆ ಬದಲಿಸಿ. 100/90 ಹಾಕಿದರೆ ಹೋಲ್ಡರ್ ಕರಗುತ್ತದೆ. ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿದ್ದರೆ 800, 1500, 2000, 3000 ನಂಬರಿನ ಮರಳು ಕಾಗದದಿಂದ ನೀರು ಹಾಕಿ ಉಜ್ಜಿ, ಮೇಲೆ ಬಿಸಿಲಿನಿಂದ ಕಾಯುವ ಯುವಿ ಕೋಟಿಂಗ್ ಕೊಡಿಸಿ. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು.

ಇಷ್ಟು ಬರೆದ ಮೇಲೆ ಮಂಜಿನ ವಿಷಯ ಬಿಡಲಾಗದು. ಚಾರ್ಮಾಡಿ, ಮಡಿಕೇರಿ ಕಡೆ ಓಡಾಡುವವರು ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂದು ನಂಬಿರುತ್ತಾರೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡದು, ಹಳದಿ ಬಿಳಿ ಎಂಬ ಭೇದವಿಲ್ಲದೆ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ನೀಲಿ ಅಂಶ ಕಡಿಮೆಯಿರುವುದರಿಂದ ಹಳದಿ ಕಣ್ಣಿಗೆ ಹಿತ, ಅಷ್ಟೇ. ಮಂಜಿನಲ್ಲಿ ಕೆಲಸ ಮಾಡುವುದು ದೀಪದ ಜಾಗ: ಬಂಪರಿನ ಕೆಳಗೆ, ಅಗಲವಾಗಿ, ಮೇಲ್ಭಾಗ ಚಪ್ಪಟೆಯಾಗಿ ಕತ್ತರಿಸಿದ ಬೆಳಕು. ಮಂಜಿಳಿದಾಗ ಹೈ ಬೀಮ್ ಆರಿಸಿ, ಫಾಗ್ ಲ್ಯಾಂಪ್ ಜೊತೆ ಲೋ ಬೀಮ್ ಇಟ್ಟುಕೊಂಡು, ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ನಿಧಾನ ಹೋಗಿ.