ವೋಟು ಏರಿತು, ಸೀಟು ಇಳಿಯಿತು: 1985ರ ಮಧ್ಯಂತರ ಚುನಾವಣೆಯ ಲೆಕ್ಕ

ಚುನಾವಣೆ ಹತ್ತಿರ ಬಂದಾಗೆಲ್ಲ ಟಿವಿ ಚರ್ಚೆಗಳಲ್ಲಿ 1985ರ ಕಥೆ ಒಮ್ಮೆಯಾದರೂ ಬಂದೇ ಬರುತ್ತದೆ. ಡಿಸೆಂಬರ್‌ನಲ್ಲಿ ಲೋಕಸಭೆಗೆ ಕಾಂಗ್ರೆಸ್, ಮಾರ್ಚ್‌ನಲ್ಲಿ ವಿಧಾನಸಭೆಗೆ ಜನತಾ ಪಕ್ಷ. ಎರಡೂವರೆ ತಿಂಗಳಲ್ಲಿ ಮನಸ್ಸು ಬದಲಿಸಿದ ಕರ್ನಾಟಕದ ಜಾಣ ಮತದಾರ! ಕೇಳಲು ಸೊಗಸಾಗಿದೆ, ಸುಳ್ಳೂ ಅಲ್ಲ. ಆದರೆ ಅರ್ಧ ಕಥೆ.

ಏಕೀಕರಣದಿಂದ 1983ರವರೆಗೆ ಇಲ್ಲಿ ಸರ್ಕಾರ ಅಂದರೆ ಕಾಂಗ್ರೆಸ್, ಇಲ್ಲವೇ ಅದರದೇ ಒಂದು ಹೋಳು. 1983ರ ಜನವರಿಯಲ್ಲಿ ಆ ಸರಪಳಿ ಕಡಿಯಿತು. ಜನತಾ ಪಕ್ಷಕ್ಕೆ 95 ಸೀಟು ಬಂತು, 224ರ ಅರ್ಧಕ್ಕೂ ಸಾಲದು. ಬಿಜೆಪಿಯ 18 ಶಾಸಕರು ಮತ್ತು ಎಡಪಕ್ಷಗಳ ಬಾಹ್ಯ ಬೆಂಬಲದ ಮೇಲೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. 1984ರ ಕೊನೆಗೆ ಇಂದಿರಾ ಹತ್ಯೆಯ ಅನುಕಂಪದ ಅಲೆಯಲ್ಲಿ ರಾಜ್ಯದ 28 ಲೋಕಸಭಾ ಕ್ಷೇತ್ರಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ಸೋಲಿನ ಹೊಣೆ ಹೊತ್ತ ಹೆಗಡೆ ವಿಧಾನಸಭೆಯನ್ನೇ ವಿಸರ್ಜಿಸಿ ಜನರ ಮುಂದೆ ಹೋದರು. ಅವಧಿ ಇನ್ನೂ ಮೂರು ವರ್ಷ ಬಾಕಿಯಿತ್ತು. ಫಲಿತಾಂಶ: ಜನತಾ 139, ಕಾಂಗ್ರೆಸ್ 65.

ಈಗ ಲೋಕಸಭೆಯನ್ನು ಬದಿಗಿಟ್ಟು, 1983ರ ವಿಧಾನಸಭೆಯ ಅಂಕಿಗಳನ್ನು ಇದರ ಪಕ್ಕ ಇಟ್ಟು ನೋಡಿ. 1983ರಲ್ಲಿ ಕಾಂಗ್ರೆಸ್‌ಗೆ ಬಿದ್ದದ್ದು ಶೇ 40.4ರಷ್ಟು ಮತ, ಸಿಕ್ಕಿದ್ದು 82 ಸೀಟು. 1985ರ ಆ ‘ಹೀನಾಯ’ ಸೋಲಿನಲ್ಲಿ ಶೇ 40.8ರಷ್ಟು ಮತ, 65 ಸೀಟು. ಕೈ ಗುರುತಿನ ಮತದ ಪಾಲು ಕೂದಲೆಳೆಯಷ್ಟು ಏರಿತ್ತು, ಶಾಸಕರು 17 ಮಂದಿ ಕಮ್ಮಿಯಾಗಿದ್ದರು.

ಆದದ್ದಿಷ್ಟು: ಚದುರಿದ್ದ ಎದುರಾಳಿ ಮತಗಳು ಒಂದೆಡೆ ಸೇರಿಕೊಂಡವು. ಜನತಾ ಶೇ 33ರಿಂದ ಶೇ 43.6ಕ್ಕೆ ನೆಗೆಯಿತು. ಬಿಜೆಪಿಯ ಪಾಲು ಅರ್ಧಕ್ಕಿಳಿದು, 18 ಶಾಸಕರಿದ್ದ ಕಡೆ ಇಬ್ಬರು ಉಳಿದರು. ನೂರು ಮತದ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಿ. ಎದುರಿಗಿರುವವರು 33, 8, 19 ಎಂದು ಹಂಚಿಕೊಂಡರೆ 40 ಪಡೆದವನು ಗೆಲ್ಲುತ್ತಾನೆ. ಎದುರಾಳಿಗಳಲ್ಲಿ ಒಬ್ಬನಿಗೇ 44 ಬಿದ್ದರೆ 41 ಪಡೆದವನೂ ಮನೆಗೆ. ಅವನ ಮತದಾರರು ಎಲ್ಲೂ ಹೋಗಿರುವುದಿಲ್ಲ.

ಈ ಲೆಕ್ಕ ಮುಂದಿನ ಸಲ ತಿರುಗುಮುರುಗಾಯಿತು. ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರ ಏಪ್ರಿಲ್‌ನಲ್ಲಿ ವಜಾ ಆಯಿತು (ಸದನದಲ್ಲೇ ಬಹುಮತ ಸಾಬೀತಾಗಬೇಕೆಂಬ ಸುಪ್ರೀಂ ಕೋರ್ಟ್ ತೀರ್ಪಿನ ಮೂಲ ಇದೇ). ನವೆಂಬರ್‌ನ ಚುನಾವಣೆ ಹೊತ್ತಿಗೆ ಜನತಾ ಪರಿವಾರ ಎರಡು ಹೋಳು. ಒಡಕಿಗೆ ಕಾರಣ ಯಾರೆಂಬ ಜಗಳ ಇಂದಿಗೂ ಮುಗಿದಿಲ್ಲ, ಅದು ಬೇರೆ ಮಾತು. ಜನತಾ ದಳಕ್ಕೆ ಶೇ 27, ಇನ್ನೊಂದು ಬಣಕ್ಕೆ ಶೇ 11. ಎರಡೂ ಸೇರಿದರೆ ಶೇ 38, ಸೀಟು ಮಾತ್ರ ಬರೀ 26. ಕಾಂಗ್ರೆಸ್ ಶೇ 43.8ಕ್ಕೆ, ಅಂದರೆ ಮೂರೇ ಅಂಶ ಮೇಲಕ್ಕೆ ಹೋಗಿತ್ತು. ಸೀಟು 65ರಿಂದ 178ಕ್ಕೆ ಹಾರಿತು. ಪತ್ರಿಕೆಗಳ ಭಾಷೆಯಲ್ಲಿ ಇದನ್ನೂ ‘ಜನಾದೇಶ’ ಅನ್ನುತ್ತಾರೆ.

ಆಮೇಲೆ ಇಂಥವು ಮಾಮೂಲಾದವು. 1994ರಲ್ಲಿ ಶೇ 27 ಮತ ಪಡೆದ ಕಾಂಗ್ರೆಸ್‌ಗೆ 34 ಸೀಟು, ಶೇ 17 ಪಡೆದ ಬಿಜೆಪಿಗೆ 40. 2004ರಲ್ಲಿ ಕಾಂಗ್ರೆಸ್‌ನ ಶೇ 35ಕ್ಕೆ 65, ಬಿಜೆಪಿಯ ಶೇ 28ಕ್ಕೆ 79. 2008ರದ್ದೂ ಮಧ್ಯಂತರ ಚುನಾವಣೆಯೇ. ಕಾಂಗ್ರೆಸ್ ಮತದಲ್ಲಿ ಸುಮಾರು ಶೇ 1ರಷ್ಟು ಮುಂದಿದ್ದರೂ ಸೀಟು 80, ಬಿಜೆಪಿಗೆ 110. 2018ರಲ್ಲೂ ಶೇ 38 ಪಡೆದ ಕಾಂಗ್ರೆಸ್‌ಗಿಂತ ಶೇ 36 ಪಡೆದ ಬಿಜೆಪಿಯೇ ದೊಡ್ಡ ಪಕ್ಷ. ಕಾಂಗ್ರೆಸ್ ಮತ ರಾಜ್ಯದ ಉದ್ದಗಲಕ್ಕೆ ತೆಳುವಾಗಿ ಹರಡಿಕೊಂಡಿತ್ತು. ಹಳೇ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಅದು ಜೆಡಿಎಸ್ ಹಿಂದೆ ಎರಡನೇ ಸ್ಥಾನಕ್ಕೆ ನಿಂತುಬಿಡುತ್ತಿತ್ತು. ಬಿಜೆಪಿಗೆ ಅಲ್ಲಿ ಮತವೂ ಕಮ್ಮಿ, ವ್ಯರ್ಥವಾದದ್ದೂ ಕಮ್ಮಿ. ಕರಾವಳಿ, ಉತ್ತರದ ಜಿಲ್ಲೆಗಳಲ್ಲಿ ಅದರ ಮತ ಗುಡ್ಡೆಯಾಗಿತ್ತು.

ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುವ ಈ ಪದ್ಧತಿಯಲ್ಲಿ ಒಂದು ಮತ ಎಷ್ಟು ತೂಗಬಹುದು ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಇದೆ. 2004ರಲ್ಲಿ ಅಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಮತದಾನದ ದಿನ ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಆಗಿನಿಂದ ಪ್ರಚಾರದಲ್ಲಿದೆ. ಅದೇ ಕೃಷ್ಣಮೂರ್ತಿ 2023ರಲ್ಲಿ ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ನಿಂತು 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಅಷ್ಟು ಮತ ಮಿಕ್ಕಿದ್ದಕ್ಕೂ ಪಕ್ಷಕ್ಕೆ ಸಿಕ್ಕಿದ್ದು ಅದೇ ಒಂದು ಸೀಟು.